ಗಿಫ್ಟ್: ಕೊಟ್ಟಿದ್ದು ಏನು, ಕೊಟ್ಟಿದ್ದು ಯಾರಿಗೆ?

ಜರ್ಮನಿಯ ಫ್ರೈಬುರ್ಗ್ ಊರಿನಲ್ಲಿ ನಾನು ಕೆಲವು ತಿಂಗಳು ಬಾಡಿಗೆಗೆ ಇದ್ದೆ. ಮನೆಯ ಯಜಮಾನಮ್ಮನಿಗೆ ಎಪ್ಪತ್ತು ದಾಟಿತ್ತು. ಬರಿಗೈಯಲ್ಲಿ ಹೋಗೋದು ಹೇಗೆ ಅಂತ ಬೆಂಗಳೂರಿನಿಂದ ಒಂದು ಚನ್ನಪಟ್ಟಣದ ಗೊಂಬೆ ತೆಗೆದುಕೊಂಡು ಹೋಗಿದ್ದೆ. ಅಂಗಡಿಯವನು ಬಣ್ಣದ ಕಾಗದ ಸುತ್ತಿ, ಮೇಲೊಂದು ಮಿರಮಿರ ಹೊಳೆಯುವ ಸ್ಟಿಕ್ಕರ್ ಅಂಟಿಸಿದ್ದ. ಅದರ ಮೇಲೆ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ‘ಗಿಫ್ಟ್’ ಅಂತ ಇತ್ತು.

ಆಕೆ ಪೊಟ್ಟಣ ಕೈಗೆ ತೆಗೆದುಕೊಂಡರು. ಸ್ಟಿಕ್ಕರ್ ನೋಡಿದರು. ನನ್ನ ಮುಖ ನೋಡಿದರು. ಮತ್ತೆ ಸ್ಟಿಕ್ಕರ್ ನೋಡಿ ನಗೋದಕ್ಕೆ ಶುರು ಮಾಡಿದರು. ಆಮೇಲೆ ಉಗುರಿನಿಂದ ಅದನ್ನು ಹುಷಾರಾಗಿ ಬಿಡಿಸಿ, ಅಡುಗೆಮನೆ ಸಿಂಕಿನ ಕೆಳಗಿನ ಬಾಗಿಲು ತೆಗೆದು, ಕಟ್ಟಿಕೊಂಡ ಪೈಪಿಗೆ ಸುರಿಯುವ ಬಾಟಲಿಯ ಮೇಲೆ ಅಂಟಿಸಿಬಿಟ್ಟರು. “ಇದು ಇರಬೇಕಾದ ಜಾಗ ಇದು” ಅಂದರು.

ಜರ್ಮನ್ ಭಾಷೆಯಲ್ಲಿ ಗಿಫ್ಟ್ ಅಂದರೆ ವಿಷ. ಅದೇ ನಾಲ್ಕು ಅಕ್ಷರ, ಹೆಚ್ಚುಕಡಿಮೆ ಅದೇ ಉಚ್ಚಾರ. ನಾನು ಅವರ ಕೈಗೆ ‘ವಿಷ’ ಅಂತ ಬರೆದ ಪೊಟ್ಟಣ ಕೊಟ್ಟು, ಹಲ್ಲು ಕಿರಿದುಕೊಂಡು ನಿಂತಿದ್ದೆ.

ಇನ್ನೂ ಸ್ವಲ್ಪ ಉತ್ತರಕ್ಕೆ ಹೋಗಿ. ಸ್ವೀಡನ್, ಡೆನ್ಮಾರ್ಕ್, ನಾರ್ವೆ. ಅಲ್ಲೂ ಗಿಫ್ಟ್ ಅಂದರೆ ವಿಷ. ಜೊತೆಗೆ ಇನ್ನೊಂದು ಅರ್ಥವೂ ಇದೆ: ಮದುವೆಯಾದ, ಮದುವೆಯಾದವಳು. ಸ್ವೀಡನ್ನಿನಲ್ಲಿ ಅರ್ಜಿ ತುಂಬುವಾಗ ‘ಗಿಫ್ಟ್’ ಅಥವಾ ‘ಊಗಿಫ್ಟ್’ ಅಂತ ಕೇಳಿದರೆ, ಮದುವೆ ಆಗಿದೆಯೋ ಇಲ್ಲವೋ ಅಂತ ಅರ್ಥ. ಅವರು ‘ಗಿ’ಯನ್ನು ‘ಯಿ’ ಅನ್ನುತ್ತಾರೆ, ‘ಯಿಫ್ಟ್’ ಅಂತ. ವಿಷಕ್ಕೂ ಯಿಫ್ಟ್, ಮದುವೆಯಾದವನಿಗೂ ಯಿಫ್ಟ್. ಈ ಜೋಕನ್ನು ನಾನು ಹೇಳಬೇಕಾಗಿಲ್ಲ. ನೀವು ಆಗಲೇ ಮಾಡಿಕೊಂಡು ನಗುತ್ತಿದ್ದೀರಿ. ಸ್ವೀಡನ್ನಿನವರೂ ಬಹಳ ವರ್ಷದಿಂದ ಅದನ್ನೇ ಮಾಡಿಕೊಂಡು ನಗುತ್ತಿದ್ದಾರೆ.

ಈಗ ಪ್ರಶ್ನೆ. ಉಡುಗೊರೆ, ವಿಷ, ಮದುವೆ. ಮೂರು ಬೇರೆ ಬೇರೆ ಪದಗಳು ಆಕಸ್ಮಿಕವಾಗಿ ಒಂದೇ ರೂಪಕ್ಕೆ ಬಂದವಾ? ನಮ್ಮಲ್ಲಿ ‘ಅರಸು’ ಅಂದರೆ ರಾಜ, ‘ಅರಸು’ ಅಂದರೆ ಹುಡುಕು, ಹಾಗೇನಾ? ಅಲ್ಲ. ಇದು ಒಂದೇ ಪದ. ಒಂದೇ ತಾಯಿಯ ಮಕ್ಕಳು.

ಪದದ ಒಳಗೆ ಇರೋದು ಬರೀ ‘ಕೊಡು’. ಇಂಗ್ಲಿಷಿನ ‘ಗಿವ್’, ಅದರ ಬಾಲಕ್ಕೆ ಒಂದು ‘ಟ್’. ಹಳೆಯ ಜರ್ಮನಿಕ್ ಭಾಷೆಗಳಲ್ಲಿ (ಇಂಗ್ಲಿಷ್, ಜರ್ಮನ್, ಸ್ವೀಡಿಶ್ ಎಲ್ಲ ಆ ಮನೆಯವೇ) ಕ್ರಿಯಾಪದದ ಕೊನೆಗೆ ಹೀಗೆ ಒಂದು ‘ಟ್’ ಹಚ್ಚಿ ನಾಮಪದ ಮಾಡುತ್ತಿದ್ದರು. ‘ಡ್ರೈವ್’ನಿಂದ ‘ಡ್ರಿಫ್ಟ್’, ‘ಥ್ರೈವ್’ನಿಂದ ‘ಥ್ರಿಫ್ಟ್’. ಹಾಗೇ ‘ಗಿವ್’ನಿಂದ ‘ಗಿಫ್ಟ್’. ನಾವು ‘ಕೊಡು’ಗೆ ‘ಗೆ’ ಹಚ್ಚಿ ‘ಕೊಡುಗೆ’ ಮಾಡಿಕೊಂಡ ಹಾಗೆ. ಅಂದರೆ ಗಿಫ್ಟ್ ಅನ್ನುವ ಪದದಲ್ಲಿ ರಿಬ್ಬನ್ನೂ ಇಲ್ಲ, ಬಣ್ಣದ ಕಾಗದವೂ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಏನೋ ಕೊಟ್ಟರು, ಅಷ್ಟೇ. ಏನು ಕೊಟ್ಟರು, ಯಾರಿಗೆ ಕೊಟ್ಟರು ಅನ್ನೋದನ್ನು ಪದ ಹೇಳೋದಿಲ್ಲ. ಒಂದೊಂದು ಊರಿನವರು ಆ ಖಾಲಿ ಜಾಗವನ್ನು ಒಂದೊಂದು ಥರ ತುಂಬಿಕೊಂಡರು.

ಮೊದಲು ಜರ್ಮನಿಯ ವಿಷದ ಕತೆ. ನನಗೆ ಇದರಲ್ಲೇ ಜಾಸ್ತಿ ರುಚಿ.

ಗ್ರೀಕ್ ಭಾಷೆಯಲ್ಲಿ ‘ಡೋಸಿಸ್’ ಅಂದರೆ ಕೊಡುವುದು. ವೈದ್ಯರು ರೋಗಿಗೆ ಒಂದು ಸಲಕ್ಕೆ ಎಷ್ಟು ಕೊಡಬೇಕೋ ಅದು ಡೋಸಿಸ್. ನಮ್ಮ ಬಾಯಲ್ಲೂ ಇದೆ: ‘ಎರಡು ಡೋಸ್ ಆಯ್ತಾ?’ ಅಂತ ಕೋವಿಡ್ ಕಾಲದಲ್ಲಿ ಎಷ್ಟು ಜನ ಕೇಳಲಿಲ್ಲ! ಮೇಷ್ಟ್ರು ಬೈದರೆ ‘ಸರಿಯಾಗಿ ಡೋಸ್ ಬಿತ್ತು’ ಅಂತೀವಿ. ಈ ಪದ ಲ್ಯಾಟಿನ್ ಮೂಲಕ ಜರ್ಮನ್ ನಾಡಿಗೆ ಬಂದಾಗ ಅಲ್ಲಿಯವರು ಅದನ್ನು ತಮ್ಮ ಮಾತಿಗೆ ತಿರುಗಿಸಿಕೊಂಡರು. ಕೊಡೋದು ಅಂದರೆ ಗಿಫ್ಟ್. ಹಾಗಾಗಿ ವೈದ್ಯ ಕೊಡುವ ಪ್ರಮಾಣವೂ ಗಿಫ್ಟ್. ಅಲ್ಲಿಂದ ಮುಂದೆ ಒಂದೇ ಹೆಜ್ಜೆ. ಕೆಟ್ಟ ಮಾತನ್ನು ನೇರವಾಗಿ ಆಡೋದಕ್ಕೆ ಯಾರಿಗೂ ಇಷ್ಟ ಇರೋದಿಲ್ಲ. ‘ವಿಷ ಹಾಕಿದರು’ ಅನ್ನೋ ಬದಲು ‘ಕೊಟ್ಟರು’ ಅಂದರು.

ಇದು ನಮಗೆ ಹೊಸದೇನಲ್ಲ. ಊರಲ್ಲಿ ಒಬ್ಬ ಚೆನ್ನಾಗಿದ್ದವನು ಇದ್ದಕ್ಕಿದ್ದ ಹಾಗೆ ಸೊರಗಿ, ಊಟ ಬಿಟ್ಟು, ಮಂಕಾಗಿ ಕೂತರೆ ಜಗಲಿ ಮೇಲೆ ಏನು ಮಾತು ಹುಟ್ಟುತ್ತೆ ಹೇಳಿ? ‘ಯಾರೋ ಏನೋ ಕೊಟ್ಟಿದ್ದಾರೆ ಕಣ್ರೀ’ ಅಂತ. ಧ್ವನಿ ತಗ್ಗಿಸಿ ಹೇಳುತ್ತಾರೆ. ಏನು ಅಂತ ಯಾರೂ ಬಾಯಿ ಬಿಡೋದಿಲ್ಲ. ‘ಕೊಟ್ಟಿದ್ದಾರೆ’ ಅಂದರೆ ಸಾಕು, ಎದುರಿಗಿದ್ದವರಿಗೆ ಅರ್ಥ ಆಗುತ್ತೆ.

ನಮ್ಮ ಮಲೆನಾಡಿನ ಕಡೆ ‘ಮದ್ದು’ ಅನ್ನುವ ಪದ ಇದಕ್ಕಿಂತ ಚೆನ್ನಾಗಿದೆ. ಕೆಮ್ಮಿಗೆ ಅಜ್ಜಿ ಕೊಡೋದು ಮದ್ದು. ಅನ್ನದಲ್ಲಿ ಯಾರೋ ಗುಟ್ಟಾಗಿ ಸೇರಿಸಿದರು ಅಂತ ಹೆದರೋದೂ ಮದ್ದು. ಅದಕ್ಕೆ ಕೈಮದ್ದು, ಇಡುಮದ್ದು ಅಂತ ಹೆಸರು. ರೈತರ ಮಾತು ಕೇಳಿ: ‘ಇವತ್ತು ಗದ್ದೆಗೆ ಔಷಧಿ ಹೊಡೀಬೇಕು’. ಡಬ್ಬದ ಮೇಲೆ ತಲೆಬುರುಡೆ ಚಿತ್ರ ಇರುತ್ತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊಡೆಯುತ್ತಾರೆ, ಮಕ್ಕಳನ್ನು ಹತ್ತಿರ ಸೇರಿಸೋದಿಲ್ಲ. ಆದರೂ ಬಾಯಲ್ಲಿ ಔಷಧಿ. ಗ್ರೀಕರ ‘ಫಾರ್ಮಕಾನ್’ ಕೂಡ ಹೀಗೇ. ಅದಕ್ಕೆ ಔಷಧಿ ಅನ್ನುವ ಅರ್ಥವೂ ಇತ್ತು, ವಿಷ ಅನ್ನುವ ಅರ್ಥವೂ ಇತ್ತು. ಇವತ್ತಿನ ಫಾರ್ಮಸಿ ಅದರ ಮಗಳು.

ಈಗ ಪ್ಯಾರಾಸೆಲ್ಸಸ್ ಬರಬೇಕು. ಸ್ವಿಟ್ಜರ್‌ಲೆಂಡಿನ ವೈದ್ಯ, 1541ರಲ್ಲಿ ತೀರಿಕೊಂಡ. ಜಗಳಗಂಟ ಮನುಷ್ಯ. ಬಾಸೆಲ್‌ನಲ್ಲಿ ಪಾಠ ಮಾಡುವಾಗ, ಎಲ್ಲರೂ ಲ್ಯಾಟಿನ್‌ನಲ್ಲಿ ಮಾಡುತ್ತಿದ್ದರೆ, ಇವನು ಜರ್ಮನ್‌ನಲ್ಲಿ ಮಾಡಿದ. ರೋಗಿಗಳಿಗೆ ವಿಷ ಕೊಡುತ್ತಾನೆ ಅಂತ ಇವನ ಮೇಲೆ ದೂರು ಇತ್ತು. 1538ರಲ್ಲಿ ಅದಕ್ಕೆ ಉತ್ತರವಾಗಿ ಬರೆದ ಮಾತು ಇವತ್ತಿಗೂ ವಿಷಶಾಸ್ತ್ರದ ಮೊದಲ ಪಾಠ. ಎಲ್ಲ ವಸ್ತುವೂ ವಿಷವೇ, ವಿಷವಿಲ್ಲದ್ದು ಯಾವುದೂ ಇಲ್ಲ. ಒಂದು ವಸ್ತು ವಿಷವಾಗದ ಹಾಗೆ ಮಾಡೋದು ಡೋಸ್ ಮಾತ್ರ. ಅವನ ಜರ್ಮನ್‌ನಲ್ಲಿ ಈ ವಾಕ್ಯದ ಎರಡು ಮುಖ್ಯ ಪದಗಳು ಯಾವುವು ಗೊತ್ತಾ? ಗಿಫ್ಟ್ ಮತ್ತು ಡೋಸಿಸ್. ಒಂದು ಜರ್ಮನ್, ಒಂದು ಗ್ರೀಕ್. ಎರಡರ ಮೂಲ ಅರ್ಥವೂ ‘ಕೊಡುವುದು’. ಅಕ್ಷರಕ್ಕೆ ಅಕ್ಷರ ಇಟ್ಟು ಓದಿದರೆ ‘ಎಲ್ಲವೂ ಕೊಡುಗೆ, ಅದು ಕೊಡುಗೆಯಾಗದ ಹಾಗೆ ಮಾಡೋದು ಕೊಡುಗೆ’ ಅಂತಾಗುತ್ತೆ! ಅವನಿಗೆ ಇದು ಹೊಳೆದಿರಲಿಕ್ಕಿಲ್ಲ. ಅವನ ವಾಕ್ಯದಲ್ಲಿ ಗಿಫ್ಟ್ ಅಂದರೆ ವಿಷವೇ. ನನಗೆ ಮಾತ್ರ ಈ ವಾಕ್ಯ ಓದಿದ ದಿನ ನಿದ್ದೆ ಬರಲಿಲ್ಲ.

ಹಾಗಾದರೆ ಜರ್ಮನ್‌ನಲ್ಲಿ ಹಳೆಯ ಅರ್ಥ ಪೂರ್ತಿ ಸತ್ತುಹೋಯಿತಾ? ಒಂದು ಕಡೆ ಉಳಿದಿದೆ. ‘ಮಿಟ್‌ಗಿಫ್ಟ್’. ಮಿಟ್ ಅಂದರೆ ಜೊತೆಗೆ. ಮಗಳ ಜೊತೆಗೆ ಕಳಿಸಿಕೊಡೋದು, ಅಂದರೆ ವರದಕ್ಷಿಣೆ. ವರದಕ್ಷಿಣೆ ಅನ್ನುವ ಪದದ ಒಳಗೇ ವಿಷ ಕೂತಿದೆ ಅಂತ ನಮ್ಮ ದೇಶದವರು ಯಾರಾದರೂ ಕೇಳಿದರೆ, ಸರಿಯಾಗೇ ಇದೆ ಅನ್ನಬಹುದು. ಆದರೆ ಭಾಷೆ ಆ ಉದ್ದೇಶದಿಂದ ಮಾಡಿದ್ದಲ್ಲ. ವ್ಯಾಕರಣವೇ ಸಾಕ್ಷಿ ಹೇಳುತ್ತೆ: ಮಿಟ್‌ಗಿಫ್ಟ್ ಇವತ್ತಿಗೂ ಸ್ತ್ರೀಲಿಂಗ, ವಿಷದ ಗಿಫ್ಟ್ ನಪುಂಸಕಲಿಂಗ. ಅಕ್ಕ ತವರಿನ ಹೆಸರು ಇಟ್ಟುಕೊಂಡಳು, ತಮ್ಮ ಬದಲಾಯಿಸಿಕೊಂಡ.

ಮತ್ತೆ ಜರ್ಮನರು ಉಡುಗೊರೆಗೆ ಏನಂತಾರೆ? ‘ಗೆಶೆಂಕ್’. ಇದು ಹುಟ್ಟಿದ್ದು ‘ಶೆಂಕೆನ್’ನಿಂದ. ಅದರ ಹಳೆಯ ಅರ್ಥ ಬಟ್ಟಲಿಗೆ ಸುರಿಯೋದು, ಕುಡಿಯೋದಕ್ಕೆ ಕೊಡೋದು. ಬಂದವರಿಗೆ ಕುಡಿಯಲು ಸುರಿದದ್ದೇ ದೊಡ್ಡ ಉಡುಗೊರೆ. ಈಗ ಫ್ರೆಂಚರ ಕಡೆ ನೋಡಿ. ಅವರ ವಿಷ ‘ಪ್ವಾಜೋಂ’, ಇಂಗ್ಲಿಷಿನವರು ಅದನ್ನೇ ಎರವಲು ತಂದು ‘ಪಾಯ್ಸನ್’ ಮಾಡಿದರು. ಅದು ಬಂದದ್ದು ಲ್ಯಾಟಿನ್ನಿನ ‘ಪೋಟಿಯೋ’ದಿಂದ. ಪೋಟಿಯೋ ಅಂದರೆ ಪಾನೀಯ, ಕುಡಿಯೋದು! ಅದೇ ಪದ ಇನ್ನೊಂದು ದಾರಿಯಲ್ಲಿ ಬಂದು ಇಂಗ್ಲಿಷಿನಲ್ಲಿ ‘ಪೋಶನ್’ ಆಗಿದೆ, ಅಂದರೆ ಕಷಾಯ. ಈ ಕಡೆಯವರಿಗೆ ಬಟ್ಟಲಿಗೆ ಸುರಿದದ್ದು ಉಡುಗೊರೆ, ಆ ಕಡೆಯವರಿಗೆ ಬಟ್ಟಲಿನಿಂದ ಕುಡಿದದ್ದು ವಿಷ. ನಡುವೆ ರೈನ್ ನದಿ.

ಮಾರ್ಸೆಲ್ ಮೌಸ್ ಅನ್ನುವ ಫ್ರೆಂಚ್ ವಿದ್ವಾಂಸ 1924ರಲ್ಲಿ ಈ ಪದದ ಮೇಲೆಯೇ ಒಂದು ಚಿಕ್ಕ ಲೇಖನ ಬರೆದ. ಅದರ ಹೆಸರೇ ‘ಗಿಫ್ಟ್, ಗಿಫ್ಟ್’. ಅವನ ವಾದ ಇಷ್ಟು: ಕೊಟ್ಟದ್ದು ತೆಗೆದುಕೊಂಡವನನ್ನು ಕಟ್ಟಿಹಾಕುತ್ತೆ, ಆದ್ದರಿಂದ ಪ್ರತಿ ಉಡುಗೊರೆಯಲ್ಲೂ ಸ್ವಲ್ಪ ಅಪಾಯ ಇದೆ. ಕುಡಿಯಲು ಸುರಿದು ಕೊಟ್ಟ ಬಟ್ಟಲಿನಲ್ಲಿ ಏನಿದೆ ಅಂತ ಹೇಳಲಾಗೋದಿಲ್ಲ. ಪದದ ಚರಿತ್ರೆಯ ಮಟ್ಟಿಗೆ ನನಗೆ ವೈದ್ಯರ ಡೋಸ್‌ನ ದಾರಿಯೇ ಗಟ್ಟಿ ಅನ್ನಿಸುತ್ತೆ. ಆದರೆ ಮೌಸ್ ಹೇಳಿದ್ದನ್ನು ಸುಮ್ನೆ ತಳ್ಳಿಹಾಕೋದಕ್ಕೂ ಮನಸ್ಸು ಬರೋದಿಲ್ಲ. ಮದುವೆ ಮನೆಯಲ್ಲಿ ಬಾಗಿಲ ಹತ್ತಿರ ಮೇಜು ಹಾಕಿಕೊಂಡು, ನೋಟ್‌ಬುಕ್ ಇಟ್ಟುಕೊಂಡು ಮುಯ್ಯಿ ಬರೆಯುತ್ತಾ ಕೂತವರನ್ನು ನೀವು ನೋಡಿದ್ದೀರಿ ಅಲ್ವಾ? ಹೆಸರು, ಊರು, ಎಷ್ಟು. ಆ ಪುಸ್ತಕ ಬೀರುವಿನಲ್ಲಿ ವರ್ಷಗಟ್ಟಲೆ ಇರುತ್ತೆ. ಅವರ ಮನೆ ಮದುವೆ ಬಂದಾಗ ಹೊರಗೆ ಬರುತ್ತೆ. ‘ಅವರು ನಮಗೆ ಐನೂರು ಹಾಕಿದ್ರು, ನಾವು ಕಮ್ಮಿ ಹಾಕೋದು ಹೇಗೆ?’ ಮುಯ್ಯಿಗೆ ಮುಯ್ಯಿ ತೀರಿಸಬೇಕು. ನಮ್ಮಲ್ಲಿ ಸೇಡು ತೀರಿಸಿಕೊಳ್ಳೋದಕ್ಕೂ ಮುಯ್ಯಿ ತೀರಿಸೋದು ಅಂತಲೇ ಹೇಳುತ್ತೇವೆ. ಮೌಸ್‌ಗೆ ಕನ್ನಡ ಬಂದಿದ್ದರೆ ಇನ್ನೊಂದು ಲೇಖನ ಬರೆಯುತ್ತಿದ್ದ.

ಈಗ ಮದುವೆ. ಸ್ವೀಡನ್ನಿನ ‘ಗಿಫ್ಟ್’ಗೆ ಮದುವೆಯಾದ ಅನ್ನುವ ಅರ್ಥ ಹೇಗೆ ಬಂತು? ಇದನ್ನು ಒಬ್ಬ ಇಂಗ್ಲಿಷಿನವನಿಗೆ ವಿವರಿಸೋದು ಕಷ್ಟ. ನಿಮಗೆ ಒಂದೇ ವಾಕ್ಯ ಸಾಕು: ‘ಮಗಳನ್ನ ಎಲ್ಲಿಗೆ ಕೊಟ್ರಿ?’

ನಾವು ಹೀಗೇ ಕೇಳೋದು. ‘ಶಿರಸಿಗೆ ಕೊಟ್ಟಿದ್ದೀವಿ.’ ‘ದೊಡ್ಡವಳನ್ನ ಹಾಸನಕ್ಕೆ ಕೊಟ್ಟಿದೆ, ಚಿಕ್ಕವಳಿಗೆ ನೋಡ್ತಾ ಇದೀವಿ.’ ಮದುವೆ ಅನ್ನುವ ಪದವೇ ಬರೋದಿಲ್ಲ. ಕೊಟ್ಟ ಮನೆ, ಹೆಣ್ಣು ಕೊಟ್ಟ ಮಾವ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಗಾದೆಯೇ ಇದೆ. ಹಳೆಯ ಸ್ಕ್ಯಾಂಡಿನೇವಿಯಾದವರೂ ಹಾಗೇ ಮಾತಾಡಿದರು. ಗಿಫ್ಟ್ ಅಂದರೆ ಮೊದಲು ‘ಕೊಟ್ಟಾದವಳು’. ಸ್ವೀಡನ್ನಿನ ಹಳೆಯ ಕಾನೂನಿನಲ್ಲಿ ‘ಯಿಫ್ತೊಮಾನ್’ ಅಂತ ಒಬ್ಬ ಇರುತ್ತಿದ್ದ. ಹೆಣ್ಣನ್ನು ಮದುವೆ ಮಾಡಿಕೊಡುವ ಅಧಿಕಾರ ಇದ್ದವನು. ಸಾಮಾನ್ಯವಾಗಿ ಅಪ್ಪ, ಅವನಿಲ್ಲದಿದ್ದರೆ ಹತ್ತಿರದ ನೆಂಟ. ನಮ್ಮ ಧಾರೆಯಲ್ಲಿ ಅಪ್ಪ ಇಲ್ಲದಿದ್ದರೆ ಯಾರು ಧಾರೆ ಎರೆಯಬೇಕು ಅಂತ ಮನೆಯವರು ಕೂತು ಲೆಕ್ಕ ಹಾಕುತ್ತಾರಲ್ಲ, ಅದೇ. ಸ್ವೀಡನ್ನಿನ 1734ರ ಕಾನೂನು ಸಂಹಿತೆಯಲ್ಲಿ ಮದುವೆಯ ಭಾಗದ ಹೆಸರಲ್ಲೇ ಈ ‘ಗಿಫ್ಟ್’ ಇದೆ. ಕಾಲ ಹೋದ ಹಾಗೆ ಕೊಡುವವನು ಮರೆತುಹೋದ. ಈಗ ಗಂಡಸೂ ಗಿಫ್ಟ್, ಹೆಂಗಸೂ ಗಿಫ್ಟ್. ತಮ್ಮನ್ನು ಯಾರೋ ಕೊಟ್ಟರು ಅಂತ ಸ್ಟಾಕ್‌ಹೋಮ್‌ನ ಹುಡುಗಿ ಕನಸಲ್ಲೂ ಅಂದುಕೊಳ್ಳೋದಿಲ್ಲ.

ಹಳೆಯ ಇಂಗ್ಲಿಷಿನಲ್ಲೂ ಈ ಪದ ಇತ್ತು, ಅದಕ್ಕೂ ಉಡುಗೊರೆ ಅನ್ನುವ ಅರ್ಥ ಇರಲಿಲ್ಲ! ಗಂಡಿನ ಕಡೆಯವರು ಹೆಣ್ಣಿಗಾಗಿ ಕೊಡುವ ಹಣ ಅಂತ ಅರ್ಥ. ನಮ್ಮ ಹಿರಿಯರ ಮಾತಿನಲ್ಲಿ ಹೇಳೋದಾದರೆ ‘ತೆರ’. ಬಹುವಚನದಲ್ಲಿ ಹೇಳಿದರೆ ಮದುವೆ. ನೋಡಿ, ಇಂಗ್ಲೆಂಡಿನಲ್ಲಿ ತೆರ, ಜರ್ಮನಿಯಲ್ಲಿ ವರದಕ್ಷಿಣೆ. ಹಣ ಓಡಾಡುವ ದಿಕ್ಕೇ ಉಲ್ಟಾ, ಪದ ಮಾತ್ರ ಒಂದೇ.

ಐಸ್‌ಲ್ಯಾಂಡಿನದ್ದು ಇನ್ನೂ ಚಂದ. ಅಲ್ಲಿ ‘ಗಿಫ್ತ’ ಅಂದರೆ ಅದೃಷ್ಟ. ವಿಧಿ ಕೊಟ್ಟದ್ದು ಅಂತ. ನಾವು ಅದನ್ನೇ ತೆಗೆದುಕೊಳ್ಳುವವರ ಕಡೆಯಿಂದ ಹೇಳುತ್ತೇವೆ: ‘ಅವನು ಪಡ್ಕೊಂಡು ಬಂದಿದ್ದು.’

ಹಾಗಾದರೆ ಇವತ್ತಿನ ಇಂಗ್ಲಿಷಿನ ಗಿಫ್ಟ್ ಎಲ್ಲಿಂದ ಬಂತು? ವೈಕಿಂಗರಿಂದ. ಉತ್ತರದಿಂದ ಹಡಗಿನಲ್ಲಿ ಬಂದು, ಮೊದಲು ಲೂಟಿ ಮಾಡಿ, ಆಮೇಲೆ ಇಂಗ್ಲೆಂಡಿನಲ್ಲೇ ನೆಲೆ ನಿಂತವರು. ಅವರ ಮಾತಿನಿಂದ ಇಂಗ್ಲಿಷಿಗೆ ಸೇರಿದ ಪದಗಳು ಒಂದೆರಡಲ್ಲ. ‘ದೆ’, ‘ವಿಂಡೋ’, ‘ಎಗ್’ ಎಲ್ಲ ಅವರದ್ದು. ಹಳೆಯ ಇಂಗ್ಲಿಷಿನವರು ಗಿಫ್ಟನ್ನು ‘ಯಿಫ್ಟ್’ ಅಂತ ಉಚ್ಚರಿಸುತ್ತಿದ್ದರು, ಈಗ ಸ್ವೀಡನ್ನಿನವರು ಅನ್ನುವ ಹಾಗೆ. ವೈಕಿಂಗರು ಗಟ್ಟಿ ‘ಗ’ ಹಾಕಿ ‘ಗಿಫ್ಟ್’ ಅಂದರು. ಗಟ್ಟಿ ‘ಗ’ ಗೆದ್ದಿತು, ಅದರ ಜೊತೆಗೆ ಉಡುಗೊರೆ ಅನ್ನುವ ಅರ್ಥವೂ ಗೆದ್ದಿತು. ಆಮೇಲೆ ಕೊಟ್ಟವರೇ ತಮ್ಮ ನಾಡಿನಲ್ಲಿ ‘ಯಿ’ ಅನ್ನೋದಕ್ಕೆ ಶುರು ಮಾಡಿದರು. ಭಾಷೆಗೆ ಇಂಥ ತಮಾಷೆ ಇಷ್ಟ.

ಈ ‘ಗ’ ಮತ್ತು ‘ಯ’ದ ಜಗಳದ ಬಗ್ಗೆ ಒಂದು ಕತೆ ಇದೆ, ಸ್ವಲ್ಪ ದಾರಿ ತಪ್ಪುತ್ತೇನೆ. ಇಂಗ್ಲೆಂಡಿನಲ್ಲಿ ಮೊದಲು ಅಚ್ಚಿನ ಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಒಂದು ಮುನ್ನುಡಿಯಲ್ಲಿ ಬರೆದದ್ದು. ಕೆಲವು ವ್ಯಾಪಾರಿಗಳು ಥೇಮ್ಸ್ ನದಿಯಲ್ಲಿ ಹಡಗು ಹತ್ತಿದ್ದಾರೆ. ಗಾಳಿ ಇಲ್ಲ. ಹೊಟ್ಟೆ ಹಸಿದು ದಡಕ್ಕೆ ಇಳಿದಿದ್ದಾರೆ. ಒಬ್ಬ ಒಂದು ಮನೆಗೆ ಹೋಗಿ ಮೊಟ್ಟೆ ಕೇಳಿದ, ‘ಎಗ್ಸ್’ ಅಂತ. ಮನೆಯಾಕೆ “ನನಗೆ ಫ್ರೆಂಚ್ ಬರೋದಿಲ್ಲ” ಅಂದಳು. ಅವನಿಗೆ ಸಿಟ್ಟು ಬಂತು, ಯಾಕೆಂದರೆ ಅವನಿಗೂ ಫ್ರೆಂಚ್ ಬರುತ್ತಿರಲಿಲ್ಲ! ಕೊನೆಗೆ ಇನ್ನೊಬ್ಬ ‘ಐರೆನ್’ ಅಂದ. ಆಗ ಆಕೆಗೆ ಅರ್ಥವಾಯಿತು. ಎಗ್ ವೈಕಿಂಗರ ಪದ, ಐರೆನ್ ಹಳೆಯ ಇಂಗ್ಲಿಷಿನ ಪದ. ಮಂಗಳೂರಿನವರು ಮತ್ತು ಧಾರವಾಡದವರು ಒಂದೇ ತರಕಾರಿ ಅಂಗಡಿಯಲ್ಲಿ ನಿಂತರೆ ನಡೆಯುವ ಹಾಗೆ.

ಡಚ್ಚರು ಜಾಣರು. ದಾನಕ್ಕೆ ‘ಗಿಫ್ಟ್’ ಇಟ್ಟುಕೊಂಡು, ವಿಷಕ್ಕೆ ‘ಗಿಫ್’, ‘ವರ್‌ಗಿಫ್’ ಅಂತ ಬೇರೆ ಮಾಡಿಕೊಂಡರು. ಆದರೆ ‘ಗಿಫ್ಟಿಗ್’ ಅಂದರೆ ಮಾತ್ರ ವಿಷಕಾರಿ. ಗುಡಿಸಿದರೂ ಮೂಲೆಯಲ್ಲಿ ಸ್ವಲ್ಪ ಉಳಿಯುತ್ತೆ.

ನಮ್ಮ ಕಡೆಗೂ ಇದರ ನಂಟು ಇದೆ, ಸಂಸ್ಕೃತದ ದಾರಿಯಲ್ಲಿ. ಡೋಸಿಸ್‌ನ ಧಾತುವೂ ಸಂಸ್ಕೃತದ ‘ದಾ’ ಧಾತುವೂ ಒಂದೇ ಮೂಲದಿಂದ ಬಂದವು. ದಾನ, ದತ್ತ, ಡೋಸ್, ವಿಷಕ್ಕೆ ಎದುರಾಗಿ ಕೊಡುವ ಆಂಟಿಡೋಟ್, ಇಂಗ್ಲಿಷಿನ ‘ಡೌರಿ’, ಎಲ್ಲ ಒಂದೇ ಮನೆಯವು. ‘ವಿಷ’ ಅನ್ನುವ ಪದದ ದಾಯಾದಿ ಲ್ಯಾಟಿನ್ನಿನ ‘ವೈರಸ್’. ಅಂದರೆ ವೈರಸ್‌ಗೆ ಎರಡು ಡೋಸ್ ಅಂದಾಗ ನಾವು ವಿಷ ಮತ್ತು ದಾನ ಎರಡರ ಹೆಸರನ್ನೂ ಹೇಳುತ್ತಿದ್ದೆವು. ‘ಗಿವ್’ನ ಧಾತುವಿಗೆ ವಿದ್ವಾಂಸರು ‘ಗಭಸ್ತಿ’ಯನ್ನು ಸೇರಿಸುತ್ತಾರೆ. ನಮಗೆ ಅದು ಸೂರ್ಯನ ಕಿರಣ. ಋಗ್ವೇದದಲ್ಲಿ ಅದಕ್ಕೆ ಕೈ ಅಂತ ಅರ್ಥ. ಲ್ಯಾಟಿನ್ನಿನ ‘ಹಬೇರೆ’, ಇಟ್ಟುಕೊಂಡಿರು, ಅದೂ ಇದೇ ಮನೆಯದ್ದು. ಎಲ್ಲರೂ ಅದನ್ನು ಇಂಗ್ಲಿಷಿನ ‘ಹ್ಯಾವ್’ ಜೊತೆ ಸೇರಿಸುತ್ತಾರೆ, ನೋಡೋದಕ್ಕೂ ಹಾಗೇ ಇದೆ. ಆದರೆ ಹಬೇರೆಗೂ ಹ್ಯಾವ್‌ಗೂ ರಕ್ತಸಂಬಂಧ ಇಲ್ಲ, ಇರೋದು ಗಿವ್ ಜೊತೆ. ಒಂದೇ ಕೈಯಿಂದ ಒಂದು ಭಾಷೆ ಕೊಟ್ಟಿತು, ಇನ್ನೊಂದು ಹಿಡಿದುಕೊಂಡಿತು.

ಇದನ್ನೆಲ್ಲ ಒಮ್ಮೆ ಒಂದು ಸಭೆಯಲ್ಲಿ ಹೇಳಿದ್ದೆ. ಮಾತು ಮುಗಿದ ಮೇಲೆ ಸಭೆಯಿಂದ ಒಬ್ಬ ಹುಡುಗಿ ಕೇಳಿದಳು: “ಒಂದೇ ಪದಕ್ಕೆ ವಿಷ ಅಂತಲೂ ಮದುವೆ ಅಂತಲೂ ಅರ್ಥ ಇದ್ದರೆ ಸ್ವೀಡನ್ನಿನವರಿಗೆ ಗೊಂದಲ ಆಗೋದಿಲ್ವಾ?”

ಆಗೋದಿಲ್ಲ. ನಾನು ಅವಳಿಗೆ ನಮ್ಮ ಅಜ್ಜಿಯ ವಿಷಯ ಹೇಳಿದೆ. ದೀಪಾವಳಿಯ ಹಿಂದಿನ ದಿನ ತೀರ್ಥಹಳ್ಳಿ ಪೇಟೆಯಿಂದ ಬಂದ ಚಿಕ್ಕಪ್ಪನನ್ನು ಅಜ್ಜಿ ಅಂಗಳದಿಂದಲೇ ಕೂಗಿ ಕೇಳಿದರು, “ಮದ್ದು ತಂದ್ಯಾ?” ಚಿಕ್ಕಪ್ಪ ಚೀಲದಿಂದ ಮೊದಲು ಅಜ್ಜಿಯ ಕೆಮ್ಮಿನ ಬಾಟಲಿ ತೆಗೆದ. ಆಮೇಲೆ ಇಲಿಗೆ ಇಡೋ ಪುಡಿ. ಕೊನೆಗೆ, ನಾವು ಮಕ್ಕಳೆಲ್ಲ ಕಾಯುತ್ತಿದ್ದ ಕೋವಿಯ ಮದ್ದು, ಹಬ್ಬದ ಬೆಳಗ್ಗೆ ಢಂ ಅನ್ನಿಸೋದಕ್ಕೆ. ಮೂರೂ ಮದ್ದೇ. ಅಜ್ಜಿ ಮೂರನ್ನೂ ಒಂದೊಂದಾಗಿ ನೋಡಿ, ಕೆಮ್ಮಿನ ಬಾಟಲಿ ದೇವರ ಗೂಡಿನ ಪಕ್ಕ ಇಟ್ಟರು, ಇಲಿಯದ್ದನ್ನು ಅಟ್ಟಕ್ಕೆ ಹಾಕಿಸಿದರು, ಕೋವಿಯದ್ದನ್ನು ಒಲೆಯಿಂದ ದೂರ ಇಡು ಅಂತ ಬೈದರು.